ಐಪಿಎಲ್ ಆದ ಮೇಲೆ ಮೂರು ಲಿನಕ್ಸ್ ಗೆಸ್ಟ್‌ಗಳ ನೆಟ್‌ವರ್ಕ್ ಹೋಯ್ತು: ಝಡ್/ವಿಎಂ ರಿಪೇರಿ ಲಾಗ್

ಭಾನುವಾರ ಮೇಂಟೆನೆನ್ಸ್ ಮುಗಿಸಿ ಟೆಸ್ಟ್ ಸಿಸ್ಟಮ್‌ನ ಝಡ್/ವಿಎಂ ಅನ್ನು ಐಪಿಎಲ್ ಮಾಡಿದರು. ಝಡ್/ವಿಎಂ ಅಂದರೆ ಒಂದೇ ಮೇನ್‌ಫ್ರೇಮ್ ಮೇಲೆ ಹಲವು ವರ್ಚುವಲ್ ಮಷೀನ್ ಓಡಿಸುವ ಹೈಪರ್‌ವೈಸರ್, ಆ ವರ್ಚುವಲ್ ಮಷೀನ್‌ಗಳೇ ಗೆಸ್ಟ್‌ಗಳು. ಮೇನ್‌ಫ್ರೇಮ್‌ನವರ ಮಾತಲ್ಲಿ ಐಪಿಎಲ್ ಅಂದರೆ ಬೂಟ್. ಸೋಮವಾರ ಬೆಳಿಗ್ಗೆ ಒಂದರ ಹಿಂದೆ ಒಂದು ಟಿಕೆಟ್ ಬಂದವು. ಮೂರು ಲಿನಕ್ಸ್ ಗೆಸ್ಟ್‌ಗಳಿಗೆ ನೆಟ್‌ವರ್ಕ್ ಇಲ್ಲ, ಉಳಿದವೆಲ್ಲ ಏನೂ ಆಗಿಲ್ಲದ ಹಾಗೆ ಓಡುತ್ತಿವೆ. ಮೂರಕ್ಕೂ ಒಂದೇ ಕಾಯಿಲೆ ಇರಬೇಕು ಅಂತ ಎಲ್ಲರೂ ಅಂದುಕೊಂಡರು. ಆದರೆ ಟಿಕೆಟ್‌ನಲ್ಲಿ ಬರೆದದ್ದನ್ನು ಸರಿಯಾಗಿ ಓದಿದರೆ ಮೂರರ ಲಕ್ಷಣವೂ ಬೇರೆ ಬೇರೆ. ಆ್ಯಪ್ ಗೆಸ್ಟ್ ಪೂರ್ತಿ ಸತ್ತಿದೆ. ರಿಪೋರ್ಟ್ ಗೆಸ್ಟ್‌ನಲ್ಲಿ ಲಿಂಕ್ ಇದೆ, ಆದರೆ ಗೇಟ್‌ವೇಗೂ ಪಿಂಗ್ ಹೋಗುತ್ತಿಲ್ಲ. ಡಿಬಿ ಗೆಸ್ಟ್ ಒಂದಷ್ಟು ಹೊತ್ತು ಚೆನ್ನಾಗಿರುತ್ತದೆ, ಆಮೇಲೆ ಕೈಕೊಡುತ್ತದೆ, ಮತ್ತೆ ತಾನಾಗಿಯೇ ಸರಿಹೋಗುತ್ತದೆ.

ನಾನು ಲಿನಕ್ಸ್ ಕಡೆಯವನು, ಬೆಂಗಳೂರಿನಲ್ಲಿ ಕೂತು ದೂರದ ಡೇಟಾ ಸೆಂಟರ್‌ನ ಮಷೀನ್ ನೋಡಿಕೊಳ್ಳುತ್ತೇನೆ. ವಿಎಂ ಟೀಮ್ ಬೇರೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ನನ್ನ ಗೆಸ್ಟ್‌ಗಳಿಗೆ ಇರುವುದು ಕ್ಲಾಸ್ ಜಿ ಪರ್ಮಿಷನ್ ಮಾತ್ರ. ಅದರಲ್ಲಿ ನನ್ನದೇ ನಿಕ್ (ಗೆಸ್ಟ್‌ನ ವರ್ಚುವಲ್ ನೆಟ್‌ವರ್ಕ್ ಕಾರ್ಡ್) ನೋಡಬಹುದು, ಅದನ್ನು ಸ್ವಿಚ್‌ಗೆ ಕಪಲ್ ಮಾಡಬಹುದು, ಅಂದರೆ ಜೋಡಿಸಬಹುದು. ವಿಸ್ವಿಚ್‌ನಲ್ಲಿ (ಝಡ್/ವಿಎಂನ ವರ್ಚುವಲ್ ಸ್ವಿಚ್) ಏನಾದರೂ ಬದಲಿಸಬೇಕಾದರೆ ಕ್ಲಾಸ್ ಬಿ ಬೇಕು, ಅಂದರೆ ವಿಎಂ ಟೀಮಿನ ಹಿರಿಯರಿಗೆ ಫೋನ್ ಮಾಡಬೇಕು.

ಗೊತ್ತಿಲ್ಲದವರಿಗೆ ಸೆಟಪ್ ಬಗ್ಗೆ ಎರಡು ಮಾತು. ಮಷೀನ್‌ನಲ್ಲಿ ನಿಜವಾದ ನೆಟ್‌ವರ್ಕ್ ಕಾರ್ಡ್ ಅಂದರೆ ಓಎಸ್‌ಎ ಕಾರ್ಡ್. ಅದರ ಮೇಲೆ ಝಡ್/ವಿಎಂ ಒಂದು ವರ್ಚುವಲ್ ಸ್ವಿಚ್ ಕಟ್ಟುತ್ತದೆ, ಅದೇ ವಿಸ್ವಿಚ್. ಇದು 2003ರಲ್ಲಿ ಝಡ್/ವಿಎಂ 4.4 ಜೊತೆ ಬಂತು. ಅದಕ್ಕೂ ಮುಂಚೆ ಗೆಸ್ಟ್ ಲ್ಯಾನ್ ಇತ್ತು, ಅದರಿಂದ ಹೊರಗೆ ಹೋಗಬೇಕಾದರೆ ನಡುವೆ ರೂಟರ್ ಕೆಲಸ ಮಾಡಲು ಇನ್ನೊಂದು ಗೆಸ್ಟ್ ಇಡಬೇಕಿತ್ತು. ನಮ್ಮ ವಿಸ್ವಿಚ್ ಹೆಸರು ಟೆಸ್ಟ್1, ಈಥರ್ನೆಟ್ ಮೋಡ್, ಅಂದರೆ ಲೇಯರ್ 2, ಮತ್ತು ವಿಎಲ್ಯಾನ್ ಅವೇರ್, ಅಂದರೆ ಒಂದೇ ಸ್ವಿಚ್ ಒಳಗೆ ನಂಬರ್ ಕೊಟ್ಟು ಬೇರ್ಪಡಿಸಿದ ನೆಟ್‌ವರ್ಕ್‌ಗಳನ್ನು (ವಿಎಲ್ಯಾನ್) ಗುರುತಿಸುತ್ತದೆ. ಕೆಳಗೆ ಎರಡು ಓಎಸ್‌ಎ ಪೋರ್ಟ್, ಒಂದು ಆ್ಯಕ್ಟಿವ್, ಇನ್ನೊಂದು ಬ್ಯಾಕಪ್. ಪ್ರತಿ ಗೆಸ್ಟ್‌ನಲ್ಲೂ 0600, 0601, 0602 ಅಂತ ಮೂರು ಡಿವೈಸ್. ರೀಡ್, ರೈಟ್, ಡೇಟಾ. ಮೂರೂ ಸೇರಿ ಒಂದು ನಿಕ್.

ಮೂರು ಗೆಸ್ಟ್ ಮುಟ್ಟುವ ಮೊದಲು ಸ್ವಿಚ್ ಸರಿಯಿದೆಯಾ ನೋಡಬೇಕಲ್ವಾ. ಓಡುತ್ತಿರುವ ಇನ್ನೊಂದು ಗೆಸ್ಟ್‌ಗೆ ಎಸ್‌ಎಸ್‌ಎಚ್ ಮಾಡಿ ವಿಎಂಸಿಪಿ ಹಾಕಿ ಕ್ವೆರಿ ವಿಸ್ವಿಚ್ ಟೆಸ್ಟ್1 ಅಂತ ಕೇಳಿದೆ. ವಿಎಂಸಿಪಿ ಅಂದರೆ ಲಿನಕ್ಸ್ ಒಳಗಿಂದಲೇ ಹೈಪರ್‌ವೈಸರ್‌ಗೆ, ಅಂದರೆ ಸಿಪಿಗೆ, ಪ್ರಶ್ನೆ ಕೇಳುವ ಟೂಲ್. ಇದು ಗೊತ್ತಿಲ್ಲದೆ ಲಿನಕ್ಸ್‌ನವರು ಎಷ್ಟೊಂದು ಹೊತ್ತು ಡಿಮೆಸೇಜ್ (ಕರ್ನಲ್ ಲಾಗ್) ನೋಡುತ್ತಾ ಕೂತಿರುತ್ತಾರೆ! ಸ್ವಿಚ್ ಸ್ಟೇಟ್ ರೆಡಿ ಅಂತಿತ್ತು. ಕಂಟ್ರೋಲರ್ ಕಾಲಂನಲ್ಲಿ ಡಿಟಿಸಿವಿಎಸ್‌ಡಬ್ಲ್ಯು1 ಅಂತಿತ್ತು. ಅಲ್ಲಿ ನನ್ (ಯಾವುದೂ ಇಲ್ಲ) ಅಂತ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು. ಓಎಸ್‌ಎ ಕಾರ್ಡನ್ನು ಸ್ವಿಚ್ ಪರವಾಗಿ ಹಿಡಿದುಕೊಳ್ಳುವ ಕಂಟ್ರೋಲರ್ ಗೆಸ್ಟ್‌ಗಳು ಐಪಿಎಲ್ ಆದಾಗ ಎದ್ದಿಲ್ಲ ಅಂದರೆ, ಒಳಗಿನ ಗೆಸ್ಟ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡಿರುತ್ತವೆ, ಹೊರಗಡೆಗೆ ಮಾತ್ರ ಯಾರಿಗೂ ದಾರಿ ಇರುವುದಿಲ್ಲ. ನಮ್ಮಲ್ಲಿ ಅದಲ್ಲ. ಸ್ವಿಚ್ ಚೆನ್ನಾಗಿದೆ, ಹಾಗಾದರೆ ಸಮಸ್ಯೆ ಒಂದೊಂದು ಗೆಸ್ಟ್‌ನದೇ.

ಆ್ಯಪ್ ಗೆಸ್ಟ್

ನೆಟ್‌ವರ್ಕ್ ಇಲ್ಲದ ಗೆಸ್ಟ್‌ಗೆ ಹೋಗುವ ದಾರಿ 3270 ಕನ್ಸೋಲ್, ಅಂದರೆ ಮೇನ್‌ಫ್ರೇಮ್‌ನ ಟರ್ಮಿನಲ್, ಒಂದೇ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾಕೆಂದರೆ ಹೊಸಬರು ನೆಟ್‌ವರ್ಕ್ ರಿಪೇರಿಗೆ ಅಂತ ಹೋಗಿ ಗೆಸ್ಟನ್ನೇ ಕೆಡವುವುದು ಇಲ್ಲೇ. ಎಕ್ಸ್3270 (ಆ ಟರ್ಮಿನಲ್‌ನ ಎಮ್ಯುಲೇಟರ್) ತೆಗೆದು ಗೆಸ್ಟ್ ಹೆಸರಲ್ಲಿ ಲಾಗಾನ್ ಆದರೆ, ಡಿಸ್ಕನೆಕ್ಟ್ ಆಗಿ ಓಡುತ್ತಿದ್ದ ಗೆಸ್ಟ್‌ಗೆ ಮತ್ತೆ ಸೇರಿಕೊಳ್ಳುತ್ತೀರಿ. ಆಗ ಬಲಗಡೆ ಕೆಳಗಿನ ಮೂಲೆಯಲ್ಲಿ ಸಿಪಿ ರೀಡ್ ಅಂತ ಕಾಣಿಸಿದರೆ, ಸೆಟ್ ರನ್ ಆನ್ ಹಾಕಿಲ್ಲದಿದ್ದರೆ, ಆ ಕ್ಷಣಕ್ಕೆ ಲಿನಕ್ಸ್ ನಿಂತಿದೆ ಅಂತಲೇ ಅರ್ಥ. ಬಿ ಅಂತ ಒಂದಕ್ಷರ ಒತ್ತಿ ಎಂಟರ್ ಹೊಡೆದರೆ ಮತ್ತೆ ಓಡುತ್ತದೆ. ಸ್ಕ್ರೀನ್ ತುಂಬಿದಾಗ ಅದೇ ಮೂಲೆಯಲ್ಲಿ ಮೋರ್ ಅಂತ ಬರುತ್ತದೆ, ಆಗ ಕ್ಲಿಯರ್ ಕೀ ಒತ್ತಬೇಕು. ಎಂಟರ್ ಒತ್ತಿದರೆ ಅದು ಹೋಲ್ಡಿಂಗ್ ಆಗಿ ಸುಮ್ನೆ ಕೂತುಬಿಡುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಶ್ ಸಿಪಿ ಡಿಸ್ಕ್ (ಡಿಸ್ಕನೆಕ್ಟ್) ಅಂತ ಹೊರಗೆ ಬರಬೇಕು. ಲಾಗಾಫ್ ಅಂದರೆ ಗೆಸ್ಟ್‌ನ ಕರೆಂಟ್ ಕಿತ್ತಷ್ಟೇ. ಇನ್ನು ವಿಐ ಎಡಿಟರ್ ಇಲ್ಲಿ ನಡೆಯುವುದಿಲ್ಲ. ಲೈನ್ ಲೈನ್ ಆಗಿ ಕೆಲಸ ಮಾಡುವ ಕನ್ಸೋಲ್ ಇದು. ಸೆಡ್ ಗೊತ್ತಿರಬೇಕು, ಇಲ್ಲಾ ಇಡಿ ಗೊತ್ತಿರಬೇಕು. ಕಂಟ್ರೋಲ್ ಸಿ ಬೇಕಾದರೆ ಮೇಲ್ಮುಖ ಬಾಣದ ಚಿಹ್ನೆ (^) ಹಾಕಿ ಪಕ್ಕದಲ್ಲಿ ಸಿ ಟೈಪ್ ಮಾಡಿ ಎಂಟರ್.

ಲಾಗಿನ್ ಆಗಿ ಐಪಿ ಲಿಂಕ್ ನೋಡಿದೆ. ಎನ್‌ಸಿ600 ಇದೆ, ಪಕ್ಕದಲ್ಲಿ ನೋ ಕ್ಯಾರಿಯರ್, ಅಂದರೆ ಲಿಂಕ್ ಇಲ್ಲ. ಎಲ್‌ಎಸ್‌ಕ್ಯೂಎತ್ ಹಾಕಿದರೆ ಡಿವೈಸ್ ಆನ್‌ಲೈನ್ 1, ಲೇಯರ್2 ಕೂಡ 1. ಅಂದರೆ ಡ್ರೈವರ್ ಎದ್ದಿದೆ, ಲೇಯರ್ ಕೂಡ ಸ್ವಿಚ್‌ಗೆ ಹೊಂದುತ್ತದೆ. (ಹಳೇ ಕರ್ನಲ್‌ಗಳಲ್ಲಿ ಇದನ್ನು ನಾವೇ ಕೊಡಬೇಕು, ಅದೂ ಡಿವೈಸ್ ಆನ್‌ಲೈನ್ ಮಾಡುವ ಮೊದಲೇ. ಸ್ವಿಚ್ ಒಂದು ಲೇಯರ್, ಗೆಸ್ಟ್ ಇನ್ನೊಂದು ಲೇಯರ್ ಆದರೆ ಎಷ್ಟು ತಲೆ ಚಚ್ಚಿಕೊಂಡರೂ ಪ್ಯಾಕೆಟ್ ಹೋಗುವುದಿಲ್ಲ. ಹೊಸ ಕರ್ನಲ್‌ಗಳು ತಾವೇ ಕೇಳಿ ತಿಳಿದುಕೊಳ್ಳುತ್ತವೆ.) ಡಿಮೆಸೇಜ್‌ನಲ್ಲಿ ಕ್ಯೂಎತ್ (ಲಿನಕ್ಸ್‌ನ ನೆಟ್‌ವರ್ಕ್ ಡ್ರೈವರ್) ಬಿಟ್ಟಿದ್ದ ಒಂದೇ ಸಾಲು: ಲ್ಯಾನ್ ಆಫ್‌ಲೈನ್ ಇದೆ ಅಂತ.

ಕೇಬಲ್ ಕಿತ್ತುಹೋದರೆ ಬರುವ ಮೆಸೇಜ್ ಅದು. ಆದರೆ ಇಲ್ಲಿ ಕೇಬಲ್ ಎಲ್ಲಿದೆ? ವಿಎಂಸಿಪಿಯಲ್ಲಿ ಕ್ವೆರಿ ನಿಕ್ 600 ಡೀಟೇಲ್ಸ್ ಕೇಳಿದೆ. ಯಾವ ಲ್ಯಾನ್‌ಗೆ ಸೇರಿದೆ ಅನ್ನುವ ಜಾಗದಲ್ಲಿ ನನ್. ಕಪಲ್ ಆಗಿಯೇ ಇಲ್ಲ. ಸರಿ, ನಾನೇ ಮಾಡೋಣ ಅಂತ ಕಪಲ್ 600 ಟು ಸಿಸ್ಟಮ್ ಟೆಸ್ಟ್1 ಹೊಡೆದೆ. 6011 ನಂಬರಿನ ಎರರ್ ಬಂತು. ನಿನಗೆ ಈ ಸ್ವಿಚ್‌ಗೆ ಸೇರಲು ಅನುಮತಿ ಇಲ್ಲ ಅಂತ.

ಆಗ ವಿಎಂ ಟೀಮಿಗೆ ಫೋನ್.

"ಸರ್, ಆ್ಯಪ್ ಗೆಸ್ಟ್‌ಗೆ ಟೆಸ್ಟ್1ನಲ್ಲಿ ಗ್ರ್ಯಾಂಟ್ ಇಲ್ಲ."

"ಅದು ಹೇಗಪ್ಪಾ, ಶನಿವಾರದವರೆಗೆ ಓಡ್ತಾ ಇತ್ತಲ್ಲ?"

"ಓಡ್ತಾ ಇತ್ತು ಸರ್. ಸಿಸ್ಟಮ್ ಕಾನ್ಫಿಗ್‌ನಲ್ಲಿ ಅದರ ಲೈನ್ ಇದೆಯಾ ಒಂದ್ಸಲ ನೋಡ್ತೀರಾ?"

ಸ್ವಲ್ಪ ಹೊತ್ತು ಕೀಬೋರ್ಡ್ ಶಬ್ದ. "ಇಲ್ಲ ಕಣಪ್ಪಾ. ಯಾರೋ ಲೈವ್ ಆಗಿ ಕೊಟ್ಟು ಹಾಗೇ ಬಿಟ್ಟಿದ್ದಾರೆ."

ಇಷ್ಟೇ ವಿಷಯ. ಸೆಟ್ ವಿಸ್ವಿಚ್ ಗ್ರ್ಯಾಂಟ್ ಅನ್ನುವ ಕಮ್ಯಾಂಡ್ ಕೊಟ್ಟರೆ ಆಗಿಂದಾಗ್ಗೆ ಕೆಲಸ ಆಗುತ್ತದೆ. ಆದರೆ ಅದು ಇರುವುದು ಮೆಮೊರಿಯಲ್ಲಿ. ಸಿಸ್ಟಮ್ ಕಾನ್ಫಿಗ್ ಫೈಲ್‌ನಲ್ಲಿ ಮಾಡಿಫೈ ವಿಸ್ವಿಚ್ ಅಂತ ಶುರುವಾಗುವ ಸಾಲು ಸೇರಿಸದಿದ್ದರೆ ಮುಂದಿನ ಐಪಿಎಲ್‌ಗೆ ಮಾಯ. ಮೇನ್‌ಫ್ರೇಮ್‌ಗೆ ಐಪಿಎಲ್ ಆಗುವುದೇ ಅಪರೂಪ ನೋಡಿ, ಯಾರು ಯಾವಾಗ ಕೊಟ್ಟದ್ದು ಅಂತ ಅಷ್ಟೊತ್ತಿಗೆ ಎಲ್ಲರೂ ಮರೆತಿರುತ್ತಾರೆ.

ಗೆಸ್ಟ್ ಎದ್ದಾಗಲೇ ಈ ಎರರ್ ಯಾರಿಗೂ ಯಾಕೆ ಕಾಣಲಿಲ್ಲ? ಆ್ಯಪ್ ಗೆಸ್ಟ್‌ನಲ್ಲಿ ಕಪಲ್ ಕಮ್ಯಾಂಡ್ ಇದ್ದದ್ದು ಅದರ ಪ್ರೊಫೈಲ್ ಎಕ್ಸೆಕ್‌ನಲ್ಲಿ. ಅಂದರೆ ಮೊದಲು ಸಿಎಂಎಸ್ (ಝಡ್/ವಿಎಂನ ಸಣ್ಣ ಓಎಸ್) ಎದ್ದು, ಆ ಸ್ಕ್ರಿಪ್ಟ್ ಓಡಿ, ಅದರ ಕೊನೆಯಲ್ಲಿ ಲಿನಕ್ಸ್ ಡಿಸ್ಕ್ ಐಪಿಎಲ್ ಆಗುತ್ತದೆ. ಸಿಸ್ಟಮ್ ಎದ್ದಾಗ ಗೆಸ್ಟ್‌ಗಳು ಡಿಸ್ಕನೆಕ್ಟ್ ಆಗಿಯೇ ಆಟೋಲಾಗ್ (ತಾವಾಗಿಯೇ ಲಾಗಾನ್) ಆಗುತ್ತವೆ, ನೋಡಲು ಕನ್ಸೋಲ್ ಮುಂದೆ ಯಾರೂ ಇರುವುದಿಲ್ಲ. ಕಪಲ್ ಫೇಲ್ ಆದರೂ ಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗಿ ಲಿನಕ್ಸ್ ಬೂಟ್ ಮಾಡಿಬಿಡುತ್ತದೆ. ಈ ಪದ್ಧತಿ ನನಗೆ ಇಷ್ಟವಿಲ್ಲ. ಯೂಸರ್ ಡೈರೆಕ್ಟರಿಯಲ್ಲೇ (ಪ್ರತಿ ಗೆಸ್ಟ್‌ನ ವಿವರ ಇರುವ ಪಟ್ಟಿ) ನಿಕ್‌ಡೆಫ್ ಸಾಲಿನಲ್ಲಿ ಲ್ಯಾನ್ ಸಿಸ್ಟಮ್ ಟೆಸ್ಟ್1 ಅಂತ ಬರೆದರೆ ಲಾಗಾನ್ ಆಗುವಾಗಲೇ ಕಪಲ್ ಆಗುತ್ತದೆ, ಎಲ್ಲಾ ಒಂದೇ ಕಡೆ ಕಾಣುತ್ತದೆ. ಈಗಿನ ಝಡ್/ವಿಎಂಗಳಲ್ಲಿ ಅನುಮತಿ, ವಿಎಲ್ಯಾನ್ ನಂಬರ್ ಎಲ್ಲವನ್ನೂ ಆ ನಿಕ್‌ಡೆಫ್‌ನಲ್ಲೇ ಕೊಡಬಹುದು. ನಮ್ಮ ಟೆಸ್ಟ್ ಸಿಸ್ಟಮ್ ಹಳೆಯದು, ಗ್ರ್ಯಾಂಟ್ ಬೇಕೇ ಬೇಕು.

ಅವರು ಗ್ರ್ಯಾಂಟ್ ಕೊಟ್ಟರು, ನಾನು ಕಪಲ್ ಹೊಡೆದೆ. ಲಿನಕ್ಸ್ ರೀಬೂಟ್ ಮಾಡಲಿಲ್ಲ, ಇಂಟರ್‌ಫೇಸ್ ಕೂಡ ಮುಟ್ಟಲಿಲ್ಲ. ಕ್ಯಾರಿಯರ್ ತಾನಾಗಿಯೇ ಬಂತು. ಮತ್ತೆ ಕ್ವೆರಿ ನಿಕ್ ನೋಡಿದರೆ ಕನೆಕ್ಷನ್ ನೇಮ್ ಹಲ್ಲೋಲೆ, ಸ್ಟೇಟ್ ಸೆಷನ್ ಎಸ್ಟಾಬ್ಲಿಶ್ಡ್. ಆ ಹಲ್ಲೋಲೆ ಅನ್ನುವುದು ಲಿನಕ್ಸ್‌ನ ಕ್ಯೂಎತ್ ಡ್ರೈವರ್ ಒಳಗೇ ಬರೆದಿಟ್ಟ ಹೆಸರು. ಅದು ಕಾಣಿಸಿದರೆ ಡ್ರೈವರ್ ಮತ್ತು ನಿಕ್ ಕೈಕುಲುಕಿವೆ ಅಂತ. ಒಂದು ಮುಗೀತು.

ರಿಪೋರ್ಟ್ ಗೆಸ್ಟ್

ಇದರಲ್ಲಿ ಕ್ಯಾರಿಯರ್ ಇದೆ, ಕಪಲ್ ಆಗಿದೆ, ಹಲ್ಲೋಲೆಯೂ ಇದೆ. ಐಪಿ, ಗೇಟ್‌ವೇ, ನೆಟ್‌ಮಾಸ್ಕ್ ಎಲ್ಲ ಸರಿ. ಆದರೂ ಗೇಟ್‌ವೇಗೆ ಪಿಂಗ್ ಇಲ್ಲ. ಐಪಿ ನೇಬರ್ ನೋಡಿದರೆ ಗೇಟ್‌ವೇ ಮುಂದೆ ಇನ್‌ಕಂಪ್ಲೀಟ್. ಅಂದರೆ ಈ ಐಪಿಯ ಮ್ಯಾಕ್ (ಕಾರ್ಡ್‌ನ ಹಾರ್ಡ್‌ವೇರ್ ವಿಳಾಸ) ಯಾವುದು ಅನ್ನುವ ಎಆರ್‌ಪಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಇಲ್ಲಿ ನಾನು ಮೊದಲು ನೋಡುವುದು ಎಣಿಕೆ. ಕ್ವೆರಿ ನಿಕ್ ಡೀಟೇಲ್ಸ್‌ನಲ್ಲಿ ಆರ್‌ಎಕ್ಸ್ (ಬಂದದ್ದು) ಎಷ್ಟು, ಟಿಎಕ್ಸ್ (ಹೋದದ್ದು) ಎಷ್ಟು, ಡಿಸ್ಕಾರ್ಡ್ (ಬಿಸಾಡಿದ್ದು) ಎಷ್ಟು ಅಂತ ಸಿಪಿ ಲೆಕ್ಕ ಇಟ್ಟಿರುತ್ತದೆ. ಲಿನಕ್ಸ್‌ನ ಲೆಕ್ಕವನ್ನೂ ಸಿಪಿಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು, ಒಂದು ಪಿಂಗ್ ಬಿಟ್ಟು, ಯಾವುದು ಏರಿತು ನೋಡಿದರೆ ಪ್ಯಾಕೆಟ್ ಎಲ್ಲಿ ಸಾಯುತ್ತಿದೆ ಅಂತ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಇಲ್ಲಿ ಟಿಎಕ್ಸ್ ಎರಡೂ ಕಡೆ ಏರುತ್ತಿತ್ತು. ಆರ್‌ಎಕ್ಸ್ ಕೂಡ ಆಗೊಂದು ಈಗೊಂದು ಏರುತ್ತಿತ್ತು. ಏನು ಬರುತ್ತಿದೆ ಹಾಗಾದರೆ?

ಟಿಸಿಪಿಡಂಪ್ (ಪ್ಯಾಕೆಟ್ ಹಿಡಿದು ತೋರಿಸುವ ಟೂಲ್) ಹಾಕಿ ಎಆರ್‌ಪಿ ಮಾತ್ರ ನೋಡಿದೆ. ಈ ಗೆಸ್ಟ್ ಇರಬೇಕಾದ ಸಬ್‌ನೆಟ್ 10.20.120 ಅಂತ ಶುರುವಾಗುತ್ತದೆ. ಆದರೆ ಬರುತ್ತಿದ್ದ ಬ್ರಾಡ್‌ಕಾಸ್ಟ್ ಎಲ್ಲ 10.20.110ರವರದು. 110.1 ಕೇಳುತ್ತಿದೆ, 110.44 ಎಲ್ಲಿ ಅಂತ. 110.61 ಕೇಳುತ್ತಿದೆ, 110.1 ಎಲ್ಲಿ ಅಂತ. ನಮ್ಮ ಗೆಸ್ಟ್ ಮಾತ್ರ ಒಂಟಿಯಾಗಿ 120.1 ಎಲ್ಲಿ ಅಂತ ಕೂಗಿಕೊಳ್ಳುತ್ತಿದೆ. ಸ್ಕ್ರೀನ್ ಮೇಲೆ ನಾಲ್ಕು ಸಾಲು ಬರುವಷ್ಟರಲ್ಲಿ ಗೊತ್ತಾಯಿತು, ಬೇರೆಯವರ ವಿಎಲ್ಯಾನ್‌ನಲ್ಲಿ ಹೋಗಿ ಕೂತಿದೆ.

ಕ್ವೆರಿ ನಿಕ್ ಡೀಟೇಲ್ಸ್‌ನಲ್ಲಿ ವಿಎಲ್ಯಾನ್ 0110 ಅಂತ ಬರೆದೇ ಇತ್ತು. ಇದರ ಇತಿಹಾಸ ಆಮೇಲೆ ತಿಳಿಯಿತು. ಮೊದಲು ಈ ಗೆಸ್ಟ್ 110ರಲ್ಲಿತ್ತು, ಕಾನ್ಫಿಗ್ ಫೈಲ್‌ನಲ್ಲಿ ಅದೇ ಇದೆ. ಆಮೇಲೆ ರಿಪೋರ್ಟ್ ಸರ್ವರ್‌ಗಳನ್ನೆಲ್ಲ 120ಕ್ಕೆ ಸಾಗಿಸಿದಾಗ ಲೈವ್ ಆಗಿ ಗ್ರ್ಯಾಂಟ್ ಬದಲಿಸಿ ಕೆಲಸ ಮುಗಿಸಿದ್ದಾರೆ. ಐಪಿಎಲ್ ಆದ ಕೂಡಲೇ ಹಳೇ ಮನೆಗೆ ವಾಪಸ್. ಮೊದಲನೆಯದಕ್ಕಿಂತ ಇದು ಕೆಟ್ಟದ್ದು. ಅನುಮತಿಯೇ ಇಲ್ಲದಿದ್ದರೆ ಎರರ್ ಆದರೂ ಬರುತ್ತದೆ, ತಪ್ಪು ವಿಎಲ್ಯಾನ್‌ಗೆ ಯಾವ ಎರರೂ ಇಲ್ಲ, ಎಲ್ಲವೂ ಹಸಿರು.

ನಮ್ಮ ಪೋರ್ಟ್‌ಗಳು ಆ್ಯಕ್ಸೆಸ್ ಟೈಪ್. ಅಂದರೆ ಟ್ಯಾಗ್ ಹಾಕುವುದು ತೆಗೆಯುವುದು ಎಲ್ಲ ವಿಸ್ವಿಚ್ ಕೆಲಸ, ಗೆಸ್ಟ್‌ಗೆ ತಾನು ಯಾವ ವಿಎಲ್ಯಾನ್‌ನಲ್ಲಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ಟ್ರಂಕ್ ಟೈಪ್ ಆದರೆ ಟ್ಯಾಗ್ ಕೆಲಸ ಗೆಸ್ಟ್‌ನದು, ಲಿನಕ್ಸ್ ಒಳಗೆ 120ಕ್ಕೆ ಬೇರೆ ಇಂಟರ್‌ಫೇಸ್ ಮಾಡಬೇಕು. ಇವೆರಡನ್ನು ಕಲಸಿದರೂ ಇದೇ ಲಕ್ಷಣ ಬರುತ್ತದೆ. ಅದನ್ನೂ ಒಮ್ಮೆ ನೋಡಿಕೊಂಡು, ಅದಲ್ಲ ಅಂತ ಖಾತ್ರಿ ಮಾಡಿಕೊಂಡೆ.

ಗ್ರ್ಯಾಂಟ್ 120ಕ್ಕೆ ಬದಲಿಸಿದರು. ಏನೂ ಆಗಲಿಲ್ಲ. ಗಾಬರಿ ಬೇಡ, ಇದು ಹಾಗೇ. ಕಪಲ್ ಆಗಿ ಕೂತಿರುವ ನಿಕ್‌ಗೆ ಹೊಸ ವಿಎಲ್ಯಾನ್ ಹತ್ತುವುದು ಬಿಡಿಸಿ ಮತ್ತೆ ಕಪಲ್ ಮಾಡಿದ ಮೇಲೆಯೇ. ಅನ್‌ಕಪಲ್ 600, ಆಮೇಲೆ ಕಪಲ್. ಇದನ್ನು ಕನ್ಸೋಲ್‌ನಲ್ಲೇ ಮಾಡಿ. ಅದೇ ನಿಕ್ ಮೇಲಿನ ಎಸ್‌ಎಸ್‌ಎಚ್‌ನಲ್ಲಿ ಮಾಡಿದರೆ ಮೊದಲ ಕಮ್ಯಾಂಡ್‌ಗೇ ನಿಮ್ಮ ದಾರಿ ಕಟ್ ಆಗುತ್ತದೆ, ಎರಡನೇ ಕಮ್ಯಾಂಡ್ ಹೊಡೆಯಲು ನೀವಿರುವುದಿಲ್ಲ. ಪಿಂಗ್ ಹೋಯಿತು, ಎಸ್‌ಎಸ್‌ಎಚ್ ಆಯಿತು.

ಟಿಕೆಟ್ ಮುಚ್ಚಿದ ಮೇಲೆ ಅದೇ ಗೆಸ್ಟ್‌ನಿಂದ ಇನ್ನೊಂದು ದೂರು. ಲಾಗಿನ್ ಚೆನ್ನಾಗಿದೆ, ಆದರೆ ರಾತ್ರಿಯ ಬ್ಯಾಕಪ್ ಶುರುವಾಗಿ ಹಾಗೇ ನಿಂತಿದೆ. ಸಣ್ಣದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಅಂದರೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಅಳತೆ) ನೋಡಬೇಕು. ಇಂಟರ್‌ಫೇಸ್‌ನಲ್ಲಿ 8992 ಇತ್ತು, ಓಎಸ್‌ಎಯಲ್ಲಿ ಜಂಬೋ ಫ್ರೇಮ್‌ಗೆ ಸಾಮಾನ್ಯವಾಗಿ ಇಡುವ ಅಳತೆ. ನನ್ನ ಲ್ಯಾಪ್‌ಟಾಪ್ 1500ರದ್ದು, ಹಾಗಾಗಿ ಟಿಸಿಪಿ ಶುರುವಾಗುವಾಗಲೇ ಚಿಕ್ಕ ಅಳತೆಗೆ ಒಪ್ಪಿಕೊಂಡು ಎಸ್‌ಎಸ್‌ಎಚ್ ಸರಾಗವಾಗಿ ನಡೆಯುತ್ತದೆ. ಬ್ಯಾಕಪ್ ಸರ್ವರ್ ಕೂಡ ಜಂಬೋ. ಎರಡೂ ತುದಿಯವರು ದೊಡ್ಡ ಪ್ಯಾಕೆಟ್‌ಗೆ ಒಪ್ಪಿಕೊಂಡರು, ಮಧ್ಯದ ದಾರಿ 1500ರದ್ದು, ಪ್ಯಾಕೆಟ್ ದೊಡ್ಡದಾಯ್ತು ಅಂತ ವಾಪಸ್ ಹೇಳುವ ಐಸಿಎಂಪಿ ಮೆಸೇಜನ್ನು ನಡುವಿನ ಫೈರ್‌ವಾಲ್ ನುಂಗುತ್ತದೆ. ಪಿಂಗ್‌ಗೆ ತುಂಡು ಮಾಡಬೇಡ ಅಂತ ಹೇಳಿ 1472 ಬೈಟ್ ಕಳಿಸಿದರೆ ಹೋಗುತ್ತದೆ, 8964 ಕಳಿಸಿದರೆ ಮೌನ. ಎರಡಕ್ಕೂ ಹೆಡರ್‌ನ 28 ಸೇರಿಸಿ ನೋಡಿ, 1500 ಮತ್ತು 8992. ಮೊದಲು ಇದು ನಡೆಯುತ್ತಿದ್ದದ್ದು ಹೇಗೆ ಅಂದರೆ, 120ಕ್ಕೆ ಸಾಗಿಸಿದಾಗ ಲಿನಕ್ಸ್ ಒಳಗೂ ಐಪಿ ಲಿಂಕ್ ಸೆಟ್ ಅಂತ ಲೈವ್ ಆಗಿ ಎಂಟಿಯು ಇಳಿಸಿದ್ದರು, ನೆಟ್‌ವರ್ಕ್ ಮ್ಯಾನೇಜರ್ ಪ್ರೊಫೈಲ್‌ನಲ್ಲಿ ಬರೆದಿರಲಿಲ್ಲ. ಸಿಪಿ ಕಡೆ ಆದ ಕಥೆಯೇ ಲಿನಕ್ಸ್ ಕಡೆಯೂ. ಪ್ರೊಫೈಲ್‌ನಲ್ಲಿ 1500 ಹಾಕಿದೆ, ಬ್ಯಾಕಪ್ ಓಡಿತು.

ಡಿಬಿ ಗೆಸ್ಟ್

ನಿಜವಾಗಿ ಸತಾಯಿಸಿದ್ದು ಇದು. ಬಂದು ಹೋಗುವ ಸಮಸ್ಯೆ ಯಾವತ್ತೂ ಹಾಗೇ, ನೋಡಲು ಹೋದಾಗ ಸರಿಯಾಗಿರುತ್ತದೆ. ಡಿಬಿ ಟೀಮ್ "ನೆಟ್‌ವರ್ಕ್ ಸ್ಲೋ" ಅಂತ ಬರೆದಿದ್ದರು. ಸ್ಲೋ ಏನೂ ಇರಲಿಲ್ಲ, ಇರುವಾಗ ಪೂರ್ತಿ ಇತ್ತು, ಇಲ್ಲದಾಗ ಪೂರ್ತಿ ಇರಲಿಲ್ಲ.

ಕಪಲ್ ಸರಿ. ವಿಎಲ್ಯಾನ್ 130, ಅದೂ ಸರಿ. ಎಂಟಿಯು ಸರಿ. ಎಣಿಕೆಯಲ್ಲಿ ಎರರ್ ಇಲ್ಲ, ಡಿಸ್ಕಾರ್ಡ್ ಇಲ್ಲ. ಅದೇ ವಿಸ್ವಿಚ್‌ನಲ್ಲಿ ಅದೇ ವಿಎಲ್ಯಾನ್‌ನ ಇನ್ನೊಂದು ಗೆಸ್ಟ್‌ನಿಂದ ಪಿಂಗ್ ಬಿಟ್ಟು ಇಟ್ಟೆ, ಒಂದೂ ಬೀಳಲಿಲ್ಲ. ಹೊರಗಿನ ಸರ್ವರ್‌ನಿಂದ ಬಿಟ್ಟ ಪಿಂಗ್ ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು. ಒಳಗೆ ಚೆನ್ನಾಗಿದೆ, ಓಎಸ್‌ಎ ದಾಟಿದ ಮೇಲೆ ಕೆಡುತ್ತದೆ. ಓಎಸ್‌ಎ ಕಾರ್ಡ್ ಮೇಲೆ ಅನುಮಾನ ಬರುವುದು ಸಹಜ, ಆದರೆ ಅದೇ ಕಾರ್ಡ್ ಮೇಲೆ ಉಳಿದ ಗೆಸ್ಟ್‌ಗಳೆಲ್ಲ ಆರಾಮಾಗಿವೆಯಲ್ಲ.

ಡಿಬಿ ಗೆಸ್ಟ್ ಒಳಗೆ ಟಿಸಿಪಿಡಂಪ್ ಹಾಕಿ, ಪ್ರಾಮಿಸ್ಕ್ಯುಯಸ್ ಮೋಡ್ (ಬೇರೆಯವರ ಪ್ಯಾಕೆಟ್ ಕೂಡ ಹಿಡಿಯುವುದು) ಬೇಡ ಅಂತ ಹೇಳಿ, ನನ್ನ ಐಪಿಗೆ ಸಂಬಂಧವಿಲ್ಲದ ಪ್ಯಾಕೆಟ್ ಮಾತ್ರ ತೋರಿಸು ಅಂತ ಫಿಲ್ಟರ್ ಕೊಟ್ಟೆ. ಸಾಮಾನ್ಯವಾಗಿ ಇಲ್ಲಿ ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ ಬಿಟ್ಟು ಏನೂ ಬರಬಾರದು. ವಿಸ್ವಿಚ್ ಬೇರೆಯವರ ಪ್ಯಾಕೆಟ್ ನನಗೆ ಕೊಡುವುದೇ ಇಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಪಿಂಗ್ ಚೆನ್ನಾಗಿ ನಡೆಯುತ್ತಿದ್ದ ಹೊತ್ತಲ್ಲೇ ಯಾವುದೋ 10.20.130.88ಕ್ಕೆ ಹೋಗಬೇಕಾದ ಟಿಸಿಪಿ ಪ್ಯಾಕೆಟ್‌ಗಳು ನನ್ನ ಗೆಸ್ಟ್‌ಗೆ ಬಂದು ಬೀಳುತ್ತಿದ್ದವು. ಬ್ರಾಡ್‌ಕಾಸ್ಟ್ ಅಲ್ಲ, ನೇರವಾಗಿ ನನ್ನ ಮ್ಯಾಕ್ ವಿಳಾಸ ಹಾಕಿಕೊಂಡು ಬಂದವು. 02-00-00-00-00-07. ಈ 88 ಯಾರು? ನಮ್ಮ ಸಿಸ್ಟಮ್‌ನಲ್ಲಿ ಆ ಐಪಿಯ ಗೆಸ್ಟ್ ಇಲ್ಲವೇ ಇಲ್ಲ.

130ರಲ್ಲೇ ಇರುವ ಒಂದು ಸಾದಾ ಇಂಟೆಲ್ ಸರ್ವರ್‌ಗೆ ಹೋಗಿ ಐಪಿ ನೇಬರ್ ತೆಗೆದು ಮ್ಯಾಕ್ ಪ್ರಕಾರ ಸಾರ್ಟ್ ಮಾಡಿದೆ. 130.45, ಅಂದರೆ ನಮ್ಮ ಡಿಬಿ, ಮತ್ತು 130.88, ಎರಡರ ಮುಂದೆಯೂ ಒಂದೇ ಮ್ಯಾಕ್. ಕೊನೆಯಲ್ಲಿ 07.

ಝಡ್/ವಿಎಂ ತನ್ನ ಗೆಸ್ಟ್‌ಗಳಿಗೆ ಮ್ಯಾಕ್ ಹಂಚುವ ರೀತಿ ಸರಳ. ಮೊದಲ ಮೂರು ಬೈಟ್ ಸಿಸ್ಟಮ್‌ನ ಪ್ರಿಫಿಕ್ಸ್. ಕೊನೆಯ ಮೂರು ಬೈಟ್‌ಗೆ, ನಾವೇ ಹೇಳದಿದ್ದರೆ, ನಿಕ್ ಹುಟ್ಟಿದ ಕ್ರಮದಲ್ಲಿ ನಂಬರ್ ಕೊಡುತ್ತಾ ಹೋಗುತ್ತದೆ. ಐಪಿಎಲ್ ಆದರೆ ಎಣಿಕೆ ಮತ್ತೆ ಮೊದಲಿಂದ. ಪ್ರಿಫಿಕ್ಸ್ ನಾವು ಕೊಡದಿದ್ದರೆ ಡೀಫಾಲ್ಟ್ 02-00-00. ಪಕ್ಕದ ಮಷೀನ್‌ನಲ್ಲಿ ಇನ್ನೊಂದು ಝಡ್/ವಿಎಂ ಇದೆ, ಬೇರೆ ಓಎಸ್‌ಎ, ಆದರೆ ಕೆಳಗಿನ ಫಿಸಿಕಲ್ ಸ್ವಿಚ್ ಜಾಲ ಅದೇ. ಅಲ್ಲೂ ಪ್ರಿಫಿಕ್ಸ್ ಕೊಟ್ಟಿರಲಿಲ್ಲ. ಎರಡೂ ಸಿಸ್ಟಮ್‌ಗಳು 01, 02, 03 ಅಂತ ಒಂದೇ ಮ್ಯಾಕ್‌ಗಳನ್ನು ಹಂಚುತ್ತಾ ಬಂದಿವೆ. ಒಂದೇ ಸೀಟ್ ನಂಬರಿಗೆ ಇಬ್ಬರು ಕಂಡಕ್ಟರ್‌ಗಳು ಟಿಕೆಟ್ ಹರಿದ ಹಾಗೆ.

ಇಷ್ಟು ದಿನ ಯಾಕೆ ಸುಮ್ಮನಿತ್ತು ಅನ್ನುವುದೇ ನನಗೆ ಜಾಸ್ತಿ ಇಷ್ಟವಾದ ಭಾಗ. ಫಿಸಿಕಲ್ ಸ್ವಿಚ್ ಮ್ಯಾಕ್ ಪಟ್ಟಿ ಇಡುವುದು ವಿಎಲ್ಯಾನ್‌ಗೆ ಒಂದರಂತೆ. ಒಂದೇ ಮ್ಯಾಕ್ 110ರಲ್ಲಿ ಒಂದು ಕಡೆ, 130ರಲ್ಲಿ ಇನ್ನೊಂದು ಕಡೆ ಇದ್ದರೆ ಅದಕ್ಕೆ ತಕರಾರಿಲ್ಲ. ಇಲ್ಲಿಯವರೆಗೆ ಅದೃಷ್ಟಕ್ಕೆ ಹಾಗೇ ಹೊಂದಿಕೊಂಡಿತ್ತು. ಈ ಸಲ ಆಟೋಲಾಗ್ ಪಟ್ಟಿಯಲ್ಲಿ, ಮೇಲ್ಗಡೆಯೇ, ಒಂದು ಹೊಸ ಗೆಸ್ಟ್ ಸೇರಿಸಿದ್ದರು. ಅದು ಮೊದಲು ಎದ್ದು ಒಂದು ನಂಬರ್ ತೆಗೆದುಕೊಂಡಿತು. ಅದರ ಕೆಳಗಿನ ಎಲ್ಲರ ಮ್ಯಾಕ್ ಒಂದೊಂದು ಮುಂದೆ ಸರಿಯಿತು. 06 ಇದ್ದ ಡಿಬಿ ಗೆಸ್ಟ್ 07 ಆಯಿತು. ಪಕ್ಕದ ಮಷೀನ್‌ನ 07 ಕೂಡ 130ರಲ್ಲೇ ಇತ್ತು. ಇಬ್ಬರಲ್ಲಿ ಯಾರು ಕೊನೆಗೆ ಒಂದು ಪ್ಯಾಕೆಟ್ ಕಳಿಸಿದರೋ ಫಿಸಿಕಲ್ ಸ್ವಿಚ್ ಅವರ ಪೋರ್ಟ್ ಕಡೆಗೆ ಎಲ್ಲವನ್ನೂ ತಿರುಗಿಸುತ್ತದೆ. ಡಿಬಿ ಮಾತಾಡಿದಾಗ ಡಿಬಿಗೆ, 88 ಮಾತಾಡಿದಾಗ 88ಕ್ಕೆ. ನೆಟ್‌ವರ್ಕ್ ಟೀಮಿಗೆ ಮ್ಯಾಕ್ ಕೊಟ್ಟು ಲಾಗ್ ನೋಡಿ ಅಂದೆ. ಸೋಮವಾರದಿಂದ ಆ ಒಂದು ಮ್ಯಾಕ್ ಎರಡು ಪೋರ್ಟ್‌ಗಳ ನಡುವೆ ಓಡಾಡುತ್ತಿದೆ ಅಂತ ಸಾಲು ಸಾಲು ಎಚ್ಚರಿಕೆ ಅಲ್ಲೇ ಬಿದ್ದಿದ್ದವು. 88ರವರೂ ಅವರ ಕಡೆ ಒಂದು ಟಿಕೆಟ್ ತೆಗೆದಿದ್ದರಂತೆ, ಅದರಲ್ಲೂ "ಸ್ಲೋ" ಅಂತಲೇ ಇತ್ತು.

ತಕ್ಷಣಕ್ಕೆ ಮಾಡಿದ್ದು: ಡಿಬಿ ಗೆಸ್ಟ್‌ನ ನಿಕ್‌ಡೆಫ್ ಸಾಲಿನಲ್ಲಿ ಮ್ಯಾಕ್‌ಐಡಿ 000730 ಅಂತ ಕೈಯಾರೆ ಕೊಟ್ಟರು. ಸಿಸ್ಟಮ್ ತಾನಾಗಿ ಹಂಚುವ ನಂಬರ್‌ಗಳು ಅಲ್ಲಿಯವರೆಗೆ ಬರುವುದಿಲ್ಲ. ಡೈರೆಕ್ಟರಿ ಓದುವುದು ಲಾಗಾನ್ ಆಗುವಾಗ ಮಾತ್ರ, ಹಾಗಾಗಿ ಲಿನಕ್ಸ್ ಒಳಗಿನ ರೀಬೂಟ್ ಸಾಕಾಗುವುದಿಲ್ಲ. ಗೆಸ್ಟ್ ಪೂರ್ತಿ ಲಾಗಾಫ್ ಆಗಿ ಮತ್ತೆ ಲಾಗಾನ್ ಆಗಬೇಕು. ಡಿಬಿ ಟೀಮಿನಿಂದ ಅರ್ಧ ಗಂಟೆ ಕೇಳಿ ಪಡೆದು ಮಾಡಿದೆವು. ಎದ್ದ ಮೇಲೆ ಆರ್ಪಿಂಗ್‌ನಿಂದ ಹೊಸ ಮ್ಯಾಕ್ ಅನ್ನು ಸುತ್ತಮುತ್ತ ಸಾರಿದೆ, ಇಲ್ಲದಿದ್ದರೆ ಗೇಟ್‌ವೇ ಹಳೇದನ್ನೇ ಹಿಡಿದುಕೊಂಡು ಕೂರುತ್ತದೆ. ಹೊರಗಿನ ಪಿಂಗ್ ರಾತ್ರಿಯಿಡೀ ಬಿಟ್ಟಿದ್ದೆ, ಒಂದೂ ಬಿದ್ದಿರಲಿಲ್ಲ.

ಶಾಶ್ವತವಾಗಿ ಮಾಡಿದ್ದು

ಸಿಸ್ಟಮ್ ಕಾನ್ಫಿಗ್‌ನಲ್ಲಿ ವಿಎಂಲ್ಯಾನ್ ಮ್ಯಾಕ್‌ಪ್ರಿಫಿಕ್ಸ್ 020002 ಅಂತ ಒಂದು ಸಾಲು. ಪಕ್ಕದ ಮಷೀನ್‌ಗೆ 020003. ಎರಡೂ ಬೇರೆ ಆದರೆ ಈ ರೀತಿಯ ಜಗಳಕ್ಕೆ ಜಾಗವೇ ಇಲ್ಲ. ಆದರೆ ಇದು ಜಾರಿಗೆ ಬರುವುದು ಐಪಿಎಲ್ ಆದಾಗ. ಗ್ರ್ಯಾಂಟ್‌ಗಳ ವಿಷಯಕ್ಕೆ, ವಿಎಂ ಟೀಮಿನ ಹಿರಿಯರು ಕ್ವೆರಿ ವಿಸ್ವಿಚ್‌ನ ಆ್ಯಕ್ಸೆಸ್ ಲಿಸ್ಟ್ ತೆಗೆದು, ಕಾನ್ಫಿಗ್ ಫೈಲ್ ಜೊತೆ ಸಾಲು ಸಾಲಾಗಿ ಹೋಲಿಸಿದರು. ಈಗ ಓಡುತ್ತಿರುವುದು ಒಂದು, ಫೈಲ್‌ನಲ್ಲಿರುವುದು ಇನ್ನೊಂದು ಅನ್ನುವಂಥವು ಇನ್ನೂ ಸಿಕ್ಕವು, ಎಲ್ಲ ಐಪಿಎಲ್ ಆದ ಮೇಲೆ ಯಾರೋ ಅವಸರದಲ್ಲಿ ಲೈವ್ ಆಗಿ ಸರಿಮಾಡಿದ್ದವು. ಫೈಲ್ ಉಳಿಸುವ ಮೊದಲು ಸಿಪಿಸಿಂಟ್ಯಾಕ್ಸ್ (ಫೈಲ್‌ನಲ್ಲಿ ತಪ್ಪಿದೆಯಾ ನೋಡುವ ಟೂಲ್) ಓಡಿಸಲೇಬೇಕು ಅಂತ ಅವರ ನಿಯಮ. ಆ ಫೈಲ್‌ನಲ್ಲಿ ಒಂದು ಸಾಲು ಕೆಟ್ಟರೆ ಮುಂದಿನ ಐಪಿಎಲ್‌ನಲ್ಲಿ ಹೋಗುವುದು ಒಂದು ಗೆಸ್ಟ್‌ನ ನೆಟ್‌ವರ್ಕ್ ಮಾತ್ರ ಆಗಿರುವುದಿಲ್ಲ.

ನನ್ನ ಪಾಲಿಗೆ ಬಂದ ಕೆಲಸ ಇನ್ನೊಂದು. ಪ್ರಿಫಿಕ್ಸ್ ಬದಲಾದರೆ ಎಲ್ಲಾ ಗೆಸ್ಟ್‌ಗಳ ಮ್ಯಾಕ್ ಒಟ್ಟಿಗೆ ಬದಲಾಗುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಪ್ರೊಫೈಲ್‌ನಲ್ಲಿ ಯಾರಾದರೂ ಮ್ಯಾಕ್ ವಿಳಾಸ ಬರೆದಿಟ್ಟಿದ್ದರೆ ಆ ಪ್ರೊಫೈಲ್ ಯಾವ ಇಂಟರ್‌ಫೇಸ್‌ಗೂ ಹೊಂದದೆ ನಿಂತುಬಿಡುತ್ತದೆ, ಮತ್ತೆ 3270 ಮುಂದೆ ಕೂರಬೇಕು. ಎಲ್ಲಾ ಗೆಸ್ಟ್‌ಗಳಲ್ಲೂ ಗ್ರೆಪ್ ಹಾಕಿ ಹುಡುಕಿದೆ. ಇಂಟೆಲ್ ಕಡೆಯ ಟೆಂಪ್ಲೇಟ್ ನೋಡಿ ಮಾಡಿದ ಕೆಲವು ಹಳೇ ಕ್ಲೋನ್‌ಗಳಲ್ಲಿ ಸಿಕ್ಕಿತು. ಇಲ್ಲಿ ಇಂಟರ್‌ಫೇಸ್ ಹೆಸರು ಬರುವುದೇ 0600 ಅನ್ನುವ ಡಿವೈಸ್ ನಂಬರಿನಿಂದ, ಮ್ಯಾಕ್ ಬರೆಯುವ ಅಗತ್ಯವೇ ಇಲ್ಲ. ಆ ಸಾಲುಗಳನ್ನು ತೆಗೆದುಹಾಕಿದೆ. ಡಿಎಚ್‌ಸಿಪಿಯಲ್ಲಿ ಮ್ಯಾಕ್‌ಗೆ ಕಟ್ಟಿದ್ದ ಕೆಲವು ಐಪಿಗಳ ಪಟ್ಟಿಯನ್ನು ನೆಟ್‌ವರ್ಕ್ ಟೀಮಿಗೆ ಮೊದಲೇ ಕಳಿಸಿದೆ.

ಮುಂದಿನ ಮೇಂಟೆನೆನ್ಸ್‌ನಲ್ಲಿ ಐಪಿಎಲ್ ಆಯಿತು. ಕ್ವೆರಿ ವಿಎಂಲ್ಯಾನ್‌ನಲ್ಲಿ ಪ್ರಿಫಿಕ್ಸ್ 020002 ಕಾಣಿಸಿತು. ಪ್ರತಿ ಗೆಸ್ಟ್‌ನಿಂದ ಕ್ವೆರಿ ನಿಕ್ ತೆಗೆದು ಸ್ವಿಚ್ ಹೆಸರು, ವಿಎಲ್ಯಾನ್, ಮ್ಯಾಕ್ ಮೂರನ್ನು ಒಂದು ಫೈಲ್‌ಗೆ ಬರೆಯುವ ಸಣ್ಣ ಸ್ಕ್ರಿಪ್ಟ್ ಮಾಡಿಟ್ಟಿದ್ದೆ. ಐಪಿಎಲ್‌ಗೆ ಮುಂಚಿನದು ನಂತರದ್ದು ಪಕ್ಕಪಕ್ಕ ಇಟ್ಟು ಡಿಫ್ ಹಾಕಿದರೆ ಮ್ಯಾಕ್ ಕಾಲಂ ಬಿಟ್ಟು ಬೇರೇನೂ ಬದಲಾಗಿರಲಿಲ್ಲ. ಪಕ್ಕದ ಮಷೀನ್‌ನವರ ಐಪಿಎಲ್ ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ಅವರು ಹಳೇ 020000ದಲ್ಲೇ ಇರುತ್ತಾರೆ, ನಮಗೆ ಅದರಿಂದ ತೊಂದರೆ ಇಲ್ಲ.